ಹೊರದೇಶದ ಕಲಾವಿದರ ಬಿಡಾರದಲ್ಲಿ ಉಳಿಯುವವರಿಗೆ

ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿತು. ಅವರ ಗೊಂಬೆಗಳು ಅದಕ್ಕೂ ಬಹಳ ಮೊದಲೇ ಕಡಲು ದಾಟಿ ಬಂದಿದ್ದವು. ಆ ತಲೆಮಾರಿನ ಕಲಾವಿದರು ಹೊರದೇಶಕ್ಕೆ ಹೋದದ್ದು ಹೆಚ್ಚಾಗಿ ಮೇಳದೊಂದಿಗೆ, ಯಾವುದಾದರೊಂದು ಉತ್ಸವದ ಕರೆಯ ಮೇಲೆ. ಎಲ್ಲಿ ಇಳಿಯಬೇಕು, ಎಲ್ಲಿ ಉಣ್ಣಬೇಕು ಎಂಬುದನ್ನು ಕರೆಸಿಕೊಂಡವರೇ ನೋಡಿಕೊಳ್ಳುತ್ತಿದ್ದರು. ಈಗ ಬಳ್ಳಾರಿ, ರಾಯಚೂರು, ಕೊಪ್ಪಳದ ಕೆಲವು ಯುವ ಚಿತ್ರಕಾರರು, ಗೊಂಬೆ ಮಾಡುವವರು, ರಂಗಕರ್ಮಿಗಳು ಒಬ್ಬೊಬ್ಬರೇ ಹೊರಡುತ್ತಿದ್ದಾರೆ. ಪರದೇಶದ ಯಾವುದೋ ಹಳ್ಳಿಯಲ್ಲಿ ಎಂಟು ಹತ್ತು ಕಲಾವಿದರು ಒಂದೇ ಒಲೆ ಹೂಡಿಕೊಂಡು ಬದುಕುತ್ತಿರುವ ಜಾಗದಲ್ಲಿ ತಿಂಗಳು, ಒಂದೂವರೆ ತಿಂಗಳು ಇದ್ದು ಬರುವುದು ಅವರ ಉದ್ದೇಶ. ನಾಟಕದ ಪರದೆ ಬರೆಯುವ ಕಸುಬಿನವನಾದ ನಾನು ಹಾಗೆ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಆರು ವಾರ ಇದ್ದು ಬಂದೆ. ಹೊರಡುವ ಮೊದಲು ಓಡಾಡಿ ತಿಳಿದುಕೊಂಡದ್ದನ್ನೂ ಅಲ್ಲಿ ತಪ್ಪಿ ಕಲಿತದ್ದನ್ನೂ ಇಲ್ಲಿ ಬರೆದಿದ್ದೇನೆ.

ಇಂಥ ಜಾಗವನ್ನು ಅಲ್ಲಿಯವರು ಕಮ್ಯೂನ್ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು ವೃತ್ತಿ ನಾಟಕ ಕಂಪನಿಯ ಬಿಡಾರ. ಕ್ಯಾಂಪು ಹಾಕಿದ ಊರಿನಲ್ಲಿ ರಾಜನ ಪಾರ್ಟಿನವನೂ ಪರದೆ ಎಳೆಯುವವನೂ ಒಂದೇ ಸೂರಿನಡಿ ಮಲಗಿ, ಒಂದೇ ಒಲೆಯ ಅನ್ನ ಉಣ್ಣುತ್ತಿದ್ದ ಬದುಕು ಅದು. ಆದರೆ ಕಂಪನಿಗೆ ಒಬ್ಬ ಮಾಲೀಕನಿರುತ್ತಿದ್ದ, ಒಬ್ಬ ಅಡುಗೆ ಭಟ್ಟನಿರುತ್ತಿದ್ದ. ಕಮ್ಯೂನಿನಲ್ಲಿ ಈ ಇಬ್ಬರೂ ಇರುವುದಿಲ್ಲ. ಅಡುಗೆ, ಪಾತ್ರೆ, ಕಸ, ಕಟ್ಟಿಗೆ, ತೋಟ, ಖರ್ಚಿನ ಲೆಕ್ಕ ಎಲ್ಲವೂ ಪಾಳಿಯ ಮೇಲೆ ನಡೆಯುತ್ತವೆ. ಅಲ್ಲಿಗೆ ಹೋಗುವವರು ಅತಿಥಿಗಳಲ್ಲ, ಪಾಳಿಗೆ ಸೇರಿದವರು. ವೀಸಾ ಅರ್ಜಿಯಲ್ಲಿ ಏನು ಬರೆಯಬೇಕು ಎಂಬುದರಿಂದ ಹಿಡಿದು ಚೀಲದಲ್ಲಿ ಏನು ತುಂಬಬೇಕು ಎಂಬುದರವರೆಗೆ ಎಲ್ಲವೂ ಈ ಒಂದು ಮಾತಿನ ಮೇಲೆ ನಿಂತಿದೆ.

ಜಾಗವನ್ನು ಗೊತ್ತುಮಾಡಿಕೊಳ್ಳುವುದು

ಕಲಾವಿದರು ಪಟ್ಟಣ ಬಿಟ್ಟು ಹಳ್ಳಿಯಲ್ಲಿ ಕೂಡಿ ಬದುಕುವ ಪದ್ಧತಿ ಯುರೋಪಿನಲ್ಲಿ ಹಳೆಯದು. ಜರ್ಮನಿಯ ಬ್ರೆಮೆನ್ ಬಳಿಯ ವೋರ್ಪ್ಸ್‌ವೇಡೆ ಎಂಬ ಜೌಗು ನೆಲದ ಹಳ್ಳಿಗೆ 1889ರಲ್ಲಿ ಕೆಲವು ಚಿತ್ರಕಾರರು ಬಂದು ನೆಲೆಸಿದರು. ಸ್ವಿಟ್ಜರ್ಲೆಂಡಿನ ಅಸ್ಕೋನಾ ಊರಿನ ಮೇಲಿನ ಗುಡ್ಡದಲ್ಲಿ 1900ರಲ್ಲಿ ಮೊಂಟೆ ವೆರಿಟಾ ಎಂಬ ವಸಾಹತು ಹುಟ್ಟಿತು. ಅಲ್ಲಿ ನೆಲೆಸಿದವರು ಸಸ್ಯಾಹಾರಿಗಳಾಗಿದ್ದರು ಎಂಬುದು ನಮ್ಮಲ್ಲಿ ಕೆಲವರಿಗೆ ಸಮಾಧಾನ ತರಬಹುದಾದ ಸಂಗತಿ, ಆದರೆ ಈಗ ಅದು ಹೋಟೆಲು ಮತ್ತು ಸಮ್ಮೇಳನಗಳ ತಾಣವಾಗಿದೆ. ಗೊಂಬೆಯಾಟದವರು ತಿಳಿದಿರಬೇಕಾದ ಹೆಸರು ಬ್ರೆಡ್ ಅಂಡ್ ಪಪೆಟ್ ಥಿಯೇಟರ್. ಪೀಟರ್ ಶೂಮನ್ 1963ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಈ ತಂಡ 1970ರ ದಶಕದಲ್ಲಿ ವರ್ಮಾಂಟ್ ರಾಜ್ಯಕ್ಕೆ ಬಂದು, ಗ್ಲೋವರ್ ಎಂಬ ಹಳ್ಳಿಯಲ್ಲಿ ನೆಲೆ ನಿಂತಿತು. ಆಟ ನೋಡಲು ಬಂದವರಿಗೆ ಅವರು ತಾವೇ ಸುಟ್ಟ ಬ್ರೆಡ್ಡನ್ನು ಹಂಚುತ್ತಾರೆ. ಹಳೆಯದೊಂದು ಹುಲ್ಲಿನ ಕೊಟ್ಟಿಗೆ ಅವರ ಗೊಂಬೆಗಳ ವಸ್ತುಸಂಗ್ರಹಾಲಯವಾಗಿದೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹ ಕಂಡವರಿಗೆ ಆಟ ಮತ್ತು ಅನ್ನ ಹೀಗೆ ಜೊತೆಯಾಗುವುದು ವಿಚಿತ್ರವೆನಿಸಲಾರದು.

ಹೊರಗಿನವರಿಗೆ ಬಾಗಿಲು ತೆರೆಯುವ ಜಾಗಗಳಲ್ಲಿ ಮೂರು ಬಗೆಗಳಿವೆ. ಮೊದಲನೆಯದು ರೆಸಿಡೆನ್ಸಿ, ಎಂದರೆ ಕಲಾವಿದರನ್ನು ಆರಿಸಿ ಕೆಲವು ಕಾಲ ಇರಿಸಿಕೊಳ್ಳುವ ಪದ್ಧತಿ: ಅರ್ಜಿ, ಕೆಲಸದ ಮಾದರಿಗಳು, ಆಯ್ಕೆ ಸಮಿತಿ, ಕೊನೆಯ ದಿನಾಂಕ ಎಲ್ಲವೂ ಇರುತ್ತವೆ. ರೆಸ್ ಆರ್ಟಿಸ್, ಟ್ರಾನ್ಸ್‌ಆರ್ಟಿಸ್ಟ್ಸ್ ಎಂಬ ಜಾಲತಾಣಗಳಲ್ಲಿ ಇವುಗಳ ಪಟ್ಟಿ ಸಿಗುತ್ತದೆ. ಎರಡನೆಯದರಲ್ಲಿ ಬಾಡಿಗೆ ಕೊಟ್ಟು ಕೋಣೆ ಪಡೆದು ಅವರ ನಡುವೆ ಇರಬಹುದು. ಮೂರನೆಯದು ದಿನಕ್ಕೆ ನಾಲ್ಕೈದು ತಾಸು ದುಡಿದು ಊಟ, ವಸತಿ ಪಡೆಯುವ ಪದ್ಧತಿ. 1971ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ವೂಫ್ ಎಂಬ ಸಂಪರ್ಕ ಜಾಲ, ಆಮೇಲೆ ಬಂದ ವರ್ಕ್‌ಅವೇ ಮೊದಲಾದವು ಇದಕ್ಕೆ ದಾರಿ ಮಾಡಿಕೊಡುತ್ತವೆ. ಖರ್ಚು ಕಡಿಮೆ ಎಂದು ನಮ್ಮ ಹುಡುಗರು ಮೊದಲು ನೋಡುವುದೇ ಮೂರನೆಯದನ್ನು. ಮೊದಲ ಸಲ ಹೋಗುವವರು ಅದನ್ನು ಆರಿಸಿಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ಮುಂದೆ ವೀಸಾದ ಮಾತಿನಲ್ಲಿ ಬರುತ್ತದೆ.

ಪತ್ರ ಬರೆಯುವಾಗ ನಿಮ್ಮ ಕಲೆಯ ವರ್ಣನೆಗಿಂತ ಹೆಚ್ಚು ಜಾಗ ಕೊಡಬೇಕಾದದ್ದು ಪ್ರಶ್ನೆಗಳಿಗೆ. ಸದ್ಯ ಅಲ್ಲಿ ಎಷ್ಟು ಜನ ಇದ್ದಾರೆ, ಕೋಣೆ ಒಬ್ಬರಿಗೋ ಹಂಚಿಕೊಳ್ಳಬೇಕೋ, ಒಳಗಿನಿಂದ ಅಗುಳಿ ಹಾಕಲು ಬರುತ್ತದೆಯೋ, ಪಾಳಿಯಲ್ಲಿ ಯಾವ ಯಾವ ಕೆಲಸ ಬರುತ್ತವೆ, ಊಟದ ಖರ್ಚನ್ನು ಹೇಗೆ ಹಂಚಿಕೊಳ್ಳುತ್ತಾರೆ, ಹತ್ತಿರದ ರೈಲು ನಿಲ್ದಾಣ ಎಷ್ಟು ದೂರ, ಅಲ್ಲಿಂದ ಯಾರು ಕರೆದುಕೊಂಡು ಹೋಗುತ್ತಾರೆ, ಭಾನುವಾರ ಬಸ್ಸು ಇದೆಯೇ ಎಂಬ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಹೀಗೆ ಕೇಳಿದರೆ ಅವರು ತಪ್ಪು ತಿಳಿಯುತ್ತಾರೆ ಎಂಬ ಅಳುಕು ನಮ್ಮ ಕಡೆಯವರಲ್ಲಿ ಹೆಚ್ಚು. ವಾಸ್ತವದಲ್ಲಿ ಏನನ್ನೂ ಕೇಳದೆ ‘ಎಲ್ಲವೂ ನಡೆಯುತ್ತದೆ’ ಎಂದು ಬರೆದವರ ಬಗೆಗೇ ಅವರಿಗೆ ಅನುಮಾನ. ಹಿಂದೆ ಅಲ್ಲಿದ್ದು ಹೋದ ಇಬ್ಬರ ಸಂಪರ್ಕವನ್ನು ಕೇಳಿ ಪಡೆದು, ಅವರೊಡನೆ ಒಮ್ಮೆ ಮಾತನಾಡುವುದು ಯಾವ ಜಾಲತಾಣದ ವಿಮರ್ಶೆಗಿಂತಲೂ ಮೇಲು. ಹೆಣ್ಣುಮಕ್ಕಳು ಆ ಇಬ್ಬರಲ್ಲಿ ಒಬ್ಬಾಕೆಯಾದರೂ ಹೆಂಗಸಾಗಿರುವಂತೆ ಕೇಳಿಕೊಳ್ಳಬೇಕು.

ಪಾಸ್‌ಪೋರ್ಟ್, ಪತ್ರ, ವೀಸಾ

ಪಾಸ್‌ಪೋರ್ಟ್ ಮಾಡಿಸುವ ಕ್ರಮ ಎಲ್ಲರಿಗೂ ತಿಳಿದದ್ದೇ. 36 ಪುಟಗಳ ಸಾಮಾನ್ಯ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ. ನಮ್ಮ ಭಾಗದವರು ಎಡವುವುದು ಹೆಸರುಗಳಲ್ಲಿ. ಹಳೆಯ ದಾಖಲೆಗಳ ಇಂಗ್ಲಿಷ್ ಕಾಗುಣಿತದಲ್ಲಿ ಬೆಳ್ಳಾರಿ ಎಂದಿರುತ್ತದೆ, 2014ರ ನವೆಂಬರ್ 1ರ ನಂತರದವುಗಳಲ್ಲಿ ಬಳ್ಳಾರಿ ಎಂದಿರುತ್ತದೆ. ಹೊಸಪೇಟೆ ಕಡೆಯವರ ವಿಳಾಸ 2021ರ ತನಕ ಬಳ್ಳಾರಿ ಜಿಲ್ಲೆ, ಆಮೇಲೆ ವಿಜಯನಗರ ಜಿಲ್ಲೆ. ಅಡ್ಡಹೆಸರು ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರನ್ನು ಒಂದೇ ರೀತಿ ಮಾಡಿಸಿಕೊಂಡು ಆಮೇಲೆ ವೀಸಾದ ಕಡೆಗೆ ಹೋಗುವುದು ಒಳಿತು. ಹತ್ತನೆಯ ತರಗತಿ ಪಾಸಾಗದ ಪರಂಪರಾಗತ ಕಲಾವಿದರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್, ಎಂದರೆ ವಲಸೆ ತಪಾಸಣೆ ಬೇಕು, ಎಂಬ ಗುರುತು ಬೀಳುತ್ತದೆ. ಅದು ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕೆಂದು ಹೋಗುವವರಿಗೆ ಸಂಬಂಧಿಸಿದ್ದು; ಯುರೋಪಿಗೆ ಭೇಟಿಗೆಂದು ಹೋಗುವವರು ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಫ್ರಾನ್ಸ್, ಜರ್ಮನಿ, ಇಟಲಿ ಮೊದಲಾದ ಷೆಂಗೆನ್ ದೇಶಗಳಿಗೆ ಅಲ್ಪಾವಧಿ ವೀಸಾ ಒಂದೇ. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮಾತ್ರ ಇರಬಹುದು. 2025ರ ಅಕ್ಟೋಬರ್ 12ರಿಂದ ಈ ದೇಶಗಳ ಗಡಿಗಳಲ್ಲಿ ಬರುವ ಹೋಗುವವರ ಬೆರಳಚ್ಚು, ಮುಖಚಿತ್ರ ದಾಖಲಿಸುವ ಗಣಕ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿರುವುದರಿಂದ, ಎರಡು ದಿನ ಹೆಚ್ಚಾದರೆ ಯಾರಿಗೂ ತಿಳಿಯದು ಎಂಬ ಹಳೆಯ ಧೈರ್ಯ ಈಗ ನಡೆಯದು. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ, ತಡವೆಂದರೂ 15 ದಿನ ಮೊದಲು ಸಲ್ಲಿಸಬೇಕು. ಶುಲ್ಕ 90 ಯೂರೋ. ವೀಸಾ ಸಿಗದಿದ್ದರೆ ಅದು ಮರಳಿ ಬರುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ಪ್ರಯಾಣ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಾಗುತ್ತದೆ. ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಮುಟ್ಟಿಸುತ್ತದೆಯಾದರೂ, ರೈಲು ತಡವಾಗುವುದನ್ನು ಲೆಕ್ಕಕ್ಕೆ ಹಿಡಿದು ಮಧ್ಯಾಹ್ನದ ಸಮಯವನ್ನು ಗೊತ್ತುಪಡಿಸಿಕೊಳ್ಳುವುದು ಜಾಣತನ.

ಇನ್ನು ಮುಖ್ಯವಾದ ಮಾತು. ಕಮ್ಯೂನಿನವರ ದೃಷ್ಟಿಯಲ್ಲಿ ಪಾತ್ರೆ ತೊಳೆಯುವುದು, ತೋಟದಲ್ಲಿ ಕಳೆ ಕೀಳುವುದು ಕೂಡಿ ಬಾಳುವುದರ ಭಾಗ. ವೀಸಾ ಅಧಿಕಾರಿಯ ದೃಷ್ಟಿಯಲ್ಲಿ ಊಟ, ವಸತಿಗೆ ಬದಲಾಗಿ ತಾಸುಗಳ ಲೆಕ್ಕದಲ್ಲಿ ಮಾಡಿದ ದುಡಿಮೆ ಉದ್ಯೋಗವೇ ಆಗಿಬಿಡಬಹುದು, ಕೈಗೆ ಒಂದು ನಾಣ್ಯ ಬರದಿದ್ದರೂ ಸಹ. ನ್ಯೂಜಿಲೆಂಡಿನಲ್ಲಿ ಹೀಗೆ ದುಡಿಯಲು ಕೆಲಸದ ಅನುಮತಿಯಿರುವ ವೀಸಾ ಬೇಕು. ಬ್ರಿಟನ್ನಿನ ಭೇಟಿ ವೀಸಾದಲ್ಲಿ ನೋಂದಾಯಿತ ದತ್ತಿ ಸಂಸ್ಥೆಯೊಂದರಲ್ಲಿ 30 ದಿನದವರೆಗೆ ಸ್ವಯಂಸೇವೆ ಮಾಡಬಹುದು, ಅದನ್ನು ಮೀರುವಂತಿಲ್ಲ. ಮೂರನೆಯ ಬಗೆಯ ಜಾಗವನ್ನು ಮೊದಲ ಪ್ರಯಾಣಕ್ಕೆ ಬೇಡವೆಂದದ್ದು ಇದಕ್ಕಾಗಿಯೇ. ‘ಪ್ರವಾಸಿ ಎಂದು ಬರೆದುಬಿಡು, ಯಾರು ಕೇಳುತ್ತಾರೆ’ ಎಂದು ಸಲಹೆ ಕೊಡುವ ಸ್ನೇಹಿತರು ಎಲ್ಲರಿಗೂ ಇರುತ್ತಾರೆ. ವಿಮಾನ ನಿಲ್ದಾಣದ ಕಿಟಕಿಯ ಮುಂದೆ ಅಧಿಕಾರಿ ನಿಮ್ಮ ಫೋನಿನಲ್ಲಿ ದಿನಕ್ಕೆ 5 ತಾಸು ಕೆಲಸ ಎಂಬ ಸಂದೇಶವನ್ನು ಓದುವ ಹೊತ್ತಿಗೆ ಆ ಸ್ನೇಹಿತರು ಗಂಗಾವತಿಯಲ್ಲಿ ಚಹಾ ಕುಡಿಯುತ್ತಿರುತ್ತಾರೆ.

ಆದ್ದರಿಂದ ಕಮ್ಯೂನಿನಿಂದ ತರಿಸಿಕೊಳ್ಳುವ ಆಹ್ವಾನ ಪತ್ರ ಉಳಿದೆಲ್ಲ ಕಾಗದಗಳಿಗಿಂತ ಮುಖ್ಯ. ಅದರಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ವಿಳಾಸದಲ್ಲಿ, ಯಾವ ಸ್ವಂತ ಕಲಾಕೆಲಸಕ್ಕಾಗಿ ನೀವು ಇರುತ್ತೀರಿ, ವಸತಿಗೆ ಎಷ್ಟು ಹಣ ಕೊಡುತ್ತೀರಿ ಅಥವಾ ಅವರು ಉಚಿತವಾಗಿ ಕೊಡುತ್ತಾರೆಯೇ, ಊಟದ ಖರ್ಚು ಯಾರದು ಎಂಬುದಿಷ್ಟೂ ಇರಬೇಕು. ಮನೆಗೆಲಸದ ಪಾಳಿ ಇದ್ದರೆ ಅದನ್ನು ಮುಚ್ಚಿಡದೆ, ಎಲ್ಲ ನಿವಾಸಿಗಳೂ ಹಂಚಿಕೊಳ್ಳುವ ಮನೆಗೆಲಸ, ವಸತಿಗೆ ಅದು ಪ್ರತಿಫಲವಲ್ಲ ಎಂದು ಬರೆಸಬೇಕು. ಅದು ನಿಜವೂ ಆಗಿರಬೇಕು. ಫ್ರಾನ್ಸಿನಲ್ಲಿ ಖಾಸಗಿ ಮನೆಯಲ್ಲಿ ಉಳಿಯುವುದಾದರೆ ಆತಿಥೇಯರು ತಮ್ಮ ಊರಿನ ಪುರಸಭೆಯಲ್ಲಿ ಆತಿಥ್ಯದ ದೃಢೀಕರಣ ಪತ್ರ ಮಾಡಿಸಿ, ಅದರ ಮೂಲ ಪ್ರತಿಯನ್ನೇ ಕಳುಹಿಸಬೇಕಾಗುತ್ತದೆ. ಅಂಚೆಯಲ್ಲಿ ಅದು ಕುಷ್ಟಗಿಯ ಹಳ್ಳಿಯೊಂದನ್ನು ಮುಟ್ಟಲು ಎಷ್ಟು ದಿನ ಹಿಡಿಯುತ್ತದೆಂಬುದನ್ನು ಮೊದಲೇ ಎಣಿಸಿಕೊಳ್ಳಿ.

ಚೀಲದಲ್ಲಿ ಏನಿರಬೇಕು, ಏನಿರಬಾರದು

ಟರ್ಪೆಂಟೈನ್, ಥಿನ್ನರ್, ಸ್ಪ್ರೇ ಬಣ್ಣ ಬೆಂಕಿ ಹತ್ತುವ ವಸ್ತುಗಳಾದ್ದರಿಂದ ವಿಮಾನದಲ್ಲಿ ಒಯ್ಯುವಂತಿಲ್ಲ. ಪುಡಿ ಬಣ್ಣಗಳನ್ನು ಅಂಗಡಿಯ ಚೀಟಿ ಸಹಿತ ಮುಚ್ಚಿದ ಪೊಟ್ಟಣಗಳಲ್ಲಿಯೇ ಒಯ್ಯಬೇಕು. ಗುರುತಿಲ್ಲದ ಪ್ಲಾಸ್ಟಿಕ್ ಚೀಲದ ಪುಡಿಯನ್ನು ಕಂಡ ಸುಂಕದ ಅಧಿಕಾರಿಗೆ ಅದು ಕಾವಿ ಬಣ್ಣವೆಂದು ಅರ್ಥ ಮಾಡಿಸುವುದು ಕಷ್ಟ. ಉಳಿ, ಚಾಣ, ಕತ್ತರಿ ತಪಾಸಣೆಗೆ ಕೊಡುವ ದೊಡ್ಡ ಚೀಲದಲ್ಲಿರಬೇಕು. ಮರದ ಗೊಂಬೆ ಮಾಡುವ ಕಿನ್ನಾಳ ಕಲೆಯವರು ಅಂಟಿಗೆಂದು ಹುಣಸೆ ಬೀಜದ ಪುಡಿಯನ್ನು ಒಯ್ಯುವುದಾದರೆ ಆಯಾ ದೇಶದ ಬೀಜದ ನಿಯಮಗಳನ್ನು ಮೊದಲು ನೋಡಿಕೊಳ್ಳಬೇಕು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನಲ್ಲಿ ಮರ, ಬೀಜ, ತೊಗಲು ಯಾವುದನ್ನು ಒಯ್ದರೂ ಇಳಿದ ಕೂಡಲೇ ಘೋಷಿಸಬೇಕು.

ತೊಗಲುಗೊಂಬೆಯವರಿಗೆ ಎರಡು ಎಚ್ಚರಿಕೆಗಳಿವೆ. ಹಳೆಯ ಗೊಂಬೆಗಳಲ್ಲಿ ಜಿಂಕೆಯ ತೊಗಲಿನವು ಸೇರಿರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಅವನ್ನು ಗಡಿ ದಾಟಿಸುವ ಯೋಚನೆಯನ್ನೇ ಮಾಡಬಾರದು. ಎರಡನೆಯದಾಗಿ, ಅದೇ ವರ್ಷದ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷಕ್ಕಿಂತ ಹಳೆಯ ಕಲಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಮುತ್ತಜ್ಜನ ಕಾಲದ ರಾವಣನನ್ನು ಮನೆಯಲ್ಲೇ ಬಿಟ್ಟು, ಆಡಿನ ತೊಗಲಿನಲ್ಲಿ ಹೊಸದಾಗಿ ಬರೆದ ರಾವಣನನ್ನು ಒಯ್ಯಿರಿ. ಹಳೆಯದರಂತೆ ಕಾಣುವ ಗೊಂಬೆಗಳಿದ್ದರೆ ಅವು ಪ್ರಾಚ್ಯವಸ್ತುಗಳಲ್ಲವೆಂದು ಭಾರತೀಯ ಪುರಾತತ್ವ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು.

ಬಟ್ಟೆಯ ವಿಷಯಕ್ಕೆ ಹೆಚ್ಚು ಹೇಳಬೇಕಿಲ್ಲ. ರಾಯಚೂರಿನ ಬಿಸಿಲು ಕಂಡವರಿಗೆ ಮೇ ತಿಂಗಳು ಚಳಿಯದಾಗಿರಬಹುದೆಂಬುದು ನಂಬಲಾಗದ ಮಾತು, ಆದರೂ ಒಂದು ದಪ್ಪ ಉಣ್ಣೆಯ ಅಂಗಿ, ಕೆಸರಿಗೆ ತಡೆಯುವ ಬೂಟು ಬೇಕು.

ಅಡುಗೆಮನೆ

ಕಮ್ಯೂನಿನಲ್ಲಿ ಸ್ನೇಹಗಳು ಹುಟ್ಟುವುದೂ ಮುನಿಸುಗಳು ಹುಟ್ಟುವುದೂ ಅಡುಗೆಮನೆಯಲ್ಲಿ. ವಾರಕ್ಕೆ ಒಂದೋ ಎರಡೋ ಸಲ ಎಲ್ಲರಿಗೂ ಅಡುಗೆ ಮಾಡುವ ಪಾಳಿ ನಿಮ್ಮದಾಗಿರುತ್ತದೆ. ಅಡುಗೆ ಬಾರದ ಗಂಡಸರು ಹೊರಡುವ ಎರಡು ತಿಂಗಳು ಮೊದಲೇ ಮನೆಯಲ್ಲಿ ಅವ್ವನ ಹತ್ತಿರವೋ ಅಕ್ಕನ ಹತ್ತಿರವೋ ಹತ್ತು ಜನಕ್ಕಾಗುವ ಮೂರು ಅಡುಗೆಗಳನ್ನಾದರೂ ಕಲಿಯಬೇಕು. ಒಬ್ಬರಿಗೆ ಮಾಡಿ ಗೊತ್ತಿದ್ದರೆ ಸಾಲದು. ಹತ್ತು ಜನಕ್ಕೆ ಉಪ್ಪು, ಖಾರದ ಅಂದಾಜೇ ಬೇರೆ.

ಯುರೋಪಿನ ಒಕ್ಕೂಟದ ದೇಶಗಳಿಗೆ ನಮ್ಮಲ್ಲಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ತುಪ್ಪ, ಪೇಢೆ, ಕುಂದಾ ಎಲ್ಲವೂ ಇದರಲ್ಲಿ ಬಂದವು. ಹಸಿ ಕರಿಬೇವು, ನಿಂಬೆಹಣ್ಣು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಒಳಗೆ ಹೋಗವು. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಮಸಾಲೆ ಖಾರ ಒಯ್ಯಬಹುದು. ಖಡಕ್ ರೊಟ್ಟಿಯನ್ನು ಪುಡಿಯಾಗದಂತೆ ಉಕ್ಕಿನ ಡಬ್ಬಿಯಲ್ಲಿ ನಿಲ್ಲಿಸಿ ಜೋಡಿಸಬೇಕು. ಶೇಂಗಾ ಚಟ್ನಿಯ ಬಗ್ಗೆ ಮಾತ್ರ ನಾನು ಮಾಡಿದ ತಪ್ಪನ್ನು ಯಾರೂ ಮಾಡಬಾರದು. ಹೋದ ಮೊದಲ ಸಂಜೆಯೇ ಪ್ರೀತಿಯಿಂದ ಡಬ್ಬಿ ತೆರೆದು ಮೇಜಿನ ಮೇಲಿಟ್ಟೆ. ಎದುರಿಗಿದ್ದವರಲ್ಲಿ ಒಬ್ಬಾಕೆ ಕುರ್ಚಿ ಹಿಂದೆ ಸರಿಸಿ ಎದ್ದು ಹೊರಗೆ ಹೋದಳು. ಅವಳಿಗೆ ಶೇಂಗಾ ಅಲರ್ಜಿ. ಕೆಲವರಿಗೆ ಅದು ಉಸಿರು ಕಟ್ಟಿಸಿ ಜೀವಕ್ಕೇ ಎರವಾಗಬಲ್ಲದು. ಶೇಂಗಾ ಇಲ್ಲದೆ ಊಟವೇ ಇಲ್ಲದ ನಾಡಿನಿಂದ ಹೋದ ನನಗೆ ಅದು ಹೊಳೆದಿರಲೂ ಇಲ್ಲ. ಮೇಜು, ಚಮಚೆ, ಬಟ್ಟೆ ಎಲ್ಲವನ್ನೂ ಎರಡು ಸಲ ತೊಳೆದೆವು, ಡಬ್ಬಿ ಕಸಕ್ಕೆ ಹೋಯಿತು. ಯಾವ ಡಬ್ಬಿಯನ್ನೇ ಆಗಲಿ ತೆರೆಯುವ ಮೊದಲು ಯಾರಿಗೆ ಏನು ಆಗದು ಎಂದು ಕೇಳಬೇಕು. ಪತ್ರದಲ್ಲಿಯೇ ಕೇಳಿ ತಿಳಿದುಕೊಂಡಿದ್ದರೆ ಇನ್ನೂ ಒಳ್ಳೆಯದು.

ಅದೇ ಅಡುಗೆಮನೆಯಲ್ಲಿ ನನ್ನ ಮಾನ ಉಳಿಸಿದ್ದು ಜೋಳ. ಅಲ್ಲಿ ಗೋಧಿ ತಿನ್ನಲಾಗದ ಒಬ್ಬರಿದ್ದರು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿ ಇರುವುದಿಲ್ಲ. ನಾನು ಬಡಿದ ರೊಟ್ಟಿಗಳು ನಮ್ಮವ್ವನ ಮುಂದೆ ಇಡುವಂಥವಾಗಿರಲಿಲ್ಲ, ಅಂಚು ಸೀಳಿದ್ದವು, ಆದರೂ ಆ ಮನುಷ್ಯ ಎಲ್ಲರೂ ಉಣ್ಣುವ ರೊಟ್ಟಿಯನ್ನು ತಾನೂ ಉಂಡೆನೆಂದು ಸಂತೋಷಪಟ್ಟ. ಹಿಟ್ಟು ಒಯ್ಯುವವರು ಹೊರಡುವ ಹಿಂದಿನ ದಿನವೇ ಬೀಸಿಸಿಕೊಳ್ಳಬೇಕು, ಮೊದಲ ಎರಡು ವಾರದಲ್ಲಿ ಮುಗಿಸಬೇಕು. ಹಳತಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಕುದಿಯುವ ನೀರಿನಲ್ಲಿ ನಾದಿದರೂ ಬಡಿಯುವಾಗ ಒಡೆಯುತ್ತದೆ.

ಅಲ್ಲಿಯ ದಿನಗಳು

ವಾರಕ್ಕೊಮ್ಮೆ ಎಲ್ಲರೂ ಕುಳಿತು ಮಾತನಾಡುವ ಸಭೆ ಇರುತ್ತದೆ. ಯಾರು ಕಟ್ಟಿಗೆ ಒಡೆಯಲಿಲ್ಲ, ಯಾರ ಸಂಗೀತ ರಾತ್ರಿ ಜೋರಾಗಿತ್ತು ಎಂಬುದನ್ನು ಅವರು ಮುಖದ ಮೇಲೆಯೇ ಹೇಳುತ್ತಾರೆ, ಆಮೇಲೆ ಜೊತೆಗೆ ಕುಳಿತು ಉಣ್ಣುತ್ತಾರೆ. ನಮಗೆ ಇದು ಜಗಳದಂತೆ ಕೇಳಿಸುತ್ತದೆ. ನಮ್ಮಲ್ಲಿ ಅಸಮಾಧಾನವನ್ನು ಮೂರನೆಯವರ ಮೂಲಕ ಮುಟ್ಟಿಸುವುದೇ ಮರ್ಯಾದೆ. ಅಲ್ಲಿ ಹಾಗೆ ಮಾಡಿದರೆ ಚಾಡಿ ಎನಿಸಿಕೊಳ್ಳುತ್ತದೆ. ‘ಆಗಲಿ’ ಎಂದು ತಲೆಯಾಡಿಸಿ ಆಮೇಲೆ ಮಾಡದಿರುವುದಕ್ಕಿಂತ ‘ನನಗೆ ಆಗುವುದಿಲ್ಲ’ ಎಂದು ಅಲ್ಲೇ ಹೇಳುವುದನ್ನು ಅವರು ಮೆಚ್ಚುತ್ತಾರೆ.

ಹೆಚ್ಚಿನ ಕಡೆ ಮಧ್ಯಾಹ್ನದವರೆಗೆ ಕಲಾಕೆಲಸದ ಹೊತ್ತು. ಆಗ ಒಬ್ಬರ ಕೋಣೆಗೆ ಇನ್ನೊಬ್ಬರು ಹೋಗಿ ಮಾತಿಗೆ ಕೂರುವುದಿಲ್ಲ. ನೀರಿಲ್ಲದ ಪಾಯಿಖಾನೆಯಿದ್ದರೆ ಪ್ರತಿ ಸಲ ಮರದ ಹೊಟ್ಟು ಹಾಕಬೇಕು, ಅದನ್ನು ಗೊಬ್ಬರದ ಗುಂಡಿಗೆ ಸಾಗಿಸುವ ಪಾಳಿಯೂ ಬರುತ್ತದೆ. ಅದನ್ನು ತಪ್ಪಿಸಿಕೊಳ್ಳಲು ನೋಡಿದವರನ್ನು ಯಾರೂ ಮರೆಯುವುದಿಲ್ಲ. ಕೊಳದಲ್ಲಿ ಬಟ್ಟೆಯಿಲ್ಲದೆ ಈಜುವ ರೂಢಿ ಕೆಲವೆಡೆ ಇದೆ, ಸೇರದಿದ್ದರೆ ಯಾರೂ ಬಲವಂತ ಮಾಡುವುದಿಲ್ಲ. ಹಂಪಿಯ ಎದುರು ದಂಡೆಯ ವಿರೂಪಾಪುರ ಗಡ್ಡೆಯಲ್ಲಿ ಬೀಡುಬಿಡುತ್ತಿದ್ದ ವಿದೇಶಿಗರ ಬಗ್ಗೆ, 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಅಲ್ಲಿಯ ಕಟ್ಟಡಗಳು ನೆಲಸಮವಾಗುವ ತನಕ, ನಾವು ಆಡಿಕೊಂಡ ಮಾತುಗಳು ನನಗೆ ಆ ಕೊಳದ ದಂಡೆಯಲ್ಲಿ ನೆನಪಾದವು. ಅಲ್ಲಿ ಪರಕೀಯನಾಗಿದ್ದವನು ನಾನು. ಗಾಂಜಾ ಮಾತ್ರ ಯಾರು ಕೊಟ್ಟರೂ ಮುಟ್ಟಬಾರದು. ಫ್ರಾನ್ಸಿನಲ್ಲಿ ಅದು ಅಪರಾಧ, ವೀಸಾದ ಮೇಲೆ ಬಂದವರಿಗೆ ಅದರ ಬೆಲೆ ಊರವರಿಗಿಂತ ಹೆಚ್ಚು.

ಹುಲ್ಲು, ಪೊದೆಗಳಲ್ಲಿ ನಡೆದು ಬಂದ ಮೇಲೆ ಮೈಯೆಲ್ಲ ನೋಡಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಬೇಕು. ನಮ್ಮ ದನಗಳಿಗೆ ಹತ್ತುವ ಉಣ್ಣಿಯನ್ನು ಹೋಲುವ ಅಲ್ಲಿಯ ಉಣ್ಣಿ ಲೈಮ್ ಎಂಬ ಕಾಯಿಲೆ ಹರಡುತ್ತದೆ. ಕಚ್ಚಿದ ಉಣ್ಣಿಯನ್ನು ಚಿಮಟಿಗೆಯಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಎಣ್ಣೆ ಹಚ್ಚುವುದು, ಬೀಡಿಯ ಬೆಂಕಿ ತಾಗಿಸುವುದು ಬೇಡ. ಮುಂದಿನ ಒಂದು ತಿಂಗಳಲ್ಲಿ ಅಲ್ಲಿ ಕೆಂಪು ಬಣ್ಣ ಉಂಗುರದಂತೆ ಹರಡಿದರೆ ವೈದ್ಯರಿಗೆ ತೋರಿಸಬೇಕು, ಅಷ್ಟರಲ್ಲಿ ಊರಿಗೆ ಮರಳಿದ್ದರೆ ಎಲ್ಲಿಗೆ ಹೋಗಿದ್ದಿರೆಂಬುದನ್ನೂ ಹೇಳಬೇಕು. ತುರ್ತಿಗೆ ಯುರೋಪಿನಲ್ಲೂ ನಮ್ಮಲ್ಲಿಯಂತೆ 112.

ಹೊರಡುವ ವಾರದಲ್ಲಿ ಖರ್ಚಿನ ಪುಸ್ತಕದಲ್ಲಿ ನಿಮ್ಮ ಪಾಲಿನ ಲೆಕ್ಕ ಮುಗಿಸಿ, ಹಾಸಿಗೆಯ ಬಟ್ಟೆ ಒಗೆದು ಒಣಗಿಸಿ, ಕೊನೆಯ ಅಡುಗೆ ಪಾಳಿಯನ್ನು ಬೇರೆಯವರಿಗೆ ಹಚ್ಚದೆ ನೀವೇ ಮಾಡಿ. ಬಿಟ್ಟು ಹೋಗುವ ಕಲಾಕೃತಿ ಕಾಣಿಕೆಯೋ, ಮುಂದೆ ಮರಳಿ ಪಡೆಯುವುದೋ ಎಂಬುದನ್ನು ಎರಡು ಸಾಲಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಬೇಕು. ನಾನು ಹಾಗೆ ಬರೆದುಕೊಳ್ಳಲಿಲ್ಲ. ಹದಿನೆಂಟು ಅಡಿ ಅಗಲದ ಕಾಡಿನ ಪರದೆಯೊಂದು ನಾನಿದ್ದ ಜಾಗದ ಕೊಟ್ಟಿಗೆಯಲ್ಲೇ ಇದೆ, ಅದು ನನ್ನದೋ ಅವರದೋ ಎಂಬ ಬಗ್ಗೆ ಈಗಲೂ ಪತ್ರ ವ್ಯವಹಾರ ನಡೆದಿದೆ.